ಒಂದೇ ಫೋನು, ಎರಡು ಕೆಲಸ

ಮೊಬೈಲು ಬಡವರ ಬದುಕು ಬದಲಿಸಿತು ಎನ್ನುವವರು ಕೇರಳದ ಮೀನುಗಾರರ ಕಥೆ ಹೇಳುತ್ತಾರೆ. 1997ರಿಂದ 2001ರೊಳಗೆ ಕಾಸರಗೋಡು, ಕಣ್ಣೂರು, ಕಲ್ಲಿಕೋಟೆಯ ಕರಾವಳಿಗೆ ಮೊಬೈಲು ಬಂದಾಗ ಏನಾಯಿತೆಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಬರೆದರು. ಮೀನುಗಾರರು ಸಮುದ್ರದಿಂದಲೇ ಫೋನು ಮಾಡಿ, ಬೂತಾಯಿಗೆ ಎಲ್ಲಿ ಬೆಲೆಯಿದೆಯೋ ಅಲ್ಲಿಗೆ ದೋಣಿ ತಿರುಗಿಸಿದರು. ಅವರ ಲಾಭ ಶೇ. 8ರಷ್ಟು ಏರಿತು; ಕೊಳ್ಳುವವರಿಗೂ ಬೆಲೆ ಶೇ. 4ರಷ್ಟು ಇಳಿಯಿತು.

ನಮ್ಮ ರಬಕವಿ-ಬನಹಟ್ಟಿಯ ನೇಕಾರನಿಗೆ ಈ ಕಥೆ ಹೇಳಿದರೆ ನಗುತ್ತಾನೆ. ಮೀನು ಹಿಡಿದವನದು, ಸೀರೆ ನೇಯ್ದವನದಲ್ಲ. ನೂಲು ಮಾಲೀಕನದು, ಇವನಿಗೆ ಮಜೂರಿ ಮಾತ್ರ. ಪೇಟೆಯ ಬೆಲೆ ತಿಳಿದು ಮಾಡುವುದೇನು? ಆದರೂ ಸಾಲ ಮಾಡಿ ಸ್ವಂತ ನೂಲು ಹಾಕಿದ ಕೆಲವರು ವಾಟ್ಸಾಪಿನಲ್ಲಿ ಸೀರೆಯ ಫೋಟೋ ಕಳಿಸಿ ಜಮಖಂಡಿ, ಮುಧೋಳ, ಬೀಳಗಿಯ ಗಿರಾಕಿಗಳನ್ನು ಹಿಡಿದರು. ಅಂಥ ಮನೆಯಲ್ಲಿ ಫೋನೇ ಅಂಗಡಿ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ಆರಂಭಿಸಿತು. ಫೋನಿಲ್ಲದ ಮನೆಯ ಮಕ್ಕಳು, ಸಾದಾ ಫೋನಿದ್ದವರು, ಇಂಟರ್ನೆಟ್ ಇದ್ದವರು ಎಂದು ಗುಂಪು ಮಾಡಿ ಮಾಸ್ತರರೇ ಓಣಿಗಳಿಗೆ ಬಂದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದೂ ನಿಂತಿತು. ಯಾವ ಮನೆಯಲ್ಲಿ ಫೋನಿದೆ ಎಂಬುದರ ಲೆಕ್ಕವೇನೋ ಆಯಿತು. ಮನೆಯೊಳಗೆ ಅದು ಯಾರ ಕೈಯಲ್ಲಿದೆ ಎಂಬುದು ಆ ಲೆಕ್ಕದಲ್ಲಿರಲಿಲ್ಲ.

ನಮಗೆ ಪರಿಚಯದ ನೇಕಾರರೊಬ್ಬರ ಮಗಳು ಆಗ ಉರ್ದು ಶಾಲೆಯಲ್ಲಿ ಎಂಟನೆಯ ತರಗತಿ. ಫೋನಿನಲ್ಲಿ ಉರ್ದು ಟೈಪು ಮಾಡುವುದು ತ್ರಾಸು, ಹಾಗಾಗಿ ಮಾಸ್ತರರು ಕೈಬರಹದ ಪುಟಗಳ ಫೋಟೋ ಕಳಿಸುತ್ತಿದ್ದರು. ಸೀರೆಯ ಫೋಟೋಗಳಿಗೆ ಜಾಗ ಸಾಲದಾದಾಗ ಅಳಿಸಿಹೋಗುತ್ತಿದ್ದುದು ಪಾಠಗಳೇ.

"ಇರೋದು ಒಂದ ಫೋನ್ರಿ ಸಾಹೇಬ್ರ. ಅದರಾಗ ಗಿರಾಕಿ ಬರಬೇಕೋ, ಮಾಸ್ತರ ಬರಬೇಕೋ?" ಎಂದು ಅಪ್ಪ ಕೇಳಿದರು. ಉಡಾಫೆಯ ಮಾತಲ್ಲ ಅದು. ಆ ವರ್ಷ ಒಲೆ ಉರಿದದ್ದು ಆ ಫೋಟೋಗಳಿಂದಲೇ. ಹುಡುಗಿ ರಾತ್ರಿ ಕೂತು, ಅಳಿಸುವ ಮೊದಲೇ ಪಾಠವನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು. ಗಿರಾಕಿಗಳಿಗೆ ಕನ್ನಡದಲ್ಲಿ ಉತ್ತರ ಬರೆಯುತ್ತಿದ್ದವಳೂ ಅವಳೇ. ಅಪ್ಪನಿಗೆ ಓದುಬರಹ ಅಷ್ಟಕ್ಕಷ್ಟೆ. ಸೆರಗಿನ ಬಣ್ಣ, ದರ, ಯಾವ ಬಸ್ಸಿಗೆ ಯಾರ ಗಂಟು ಹಾಕಿದ್ದಾಯಿತು, ಎಲ್ಲ ಅವಳಿಗೇ ಗೊತ್ತು. ದುಡ್ಡು ಬೀಳುತ್ತಿದ್ದುದು ಅಣ್ಣನ ಖಾತೆಗೆ.

2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಕಾಲೇಜು ಊರಲ್ಲೇ ಇದೆ. ಮನೆಯವರ ಚಿಂತೆ ಮಾತ್ರ ಬೇರೆ: ಇವಳು ಹೋದರೆ ಅಂಗಡಿ ನೋಡುವವರಾರು?

"ದುಡ್ಡು ಯಾರ ಖಾತೆಗೆ ಬೀಳತೈತೋ ಅವನ ಉತ್ತರಾನೂ ಬರೀಲಿ" ಅಂದೆವು ನಾವು.

ಅಣ್ಣ ಫೋನು ಕೈಗೆತ್ತಿಕೊಂಡು, ಇದರಾಗ ಕನ್ನಡ ಹೆಂಗ ಬರೀಬೇಕು ಎಂದು ತಂಗಿಯನ್ನೇ ಕೇಳಿದ.