ಕರುಣೆಯ ಕೆಲಸ

ಊರೆಂದರೆ ಕೇವಲ ಮನುಷ್ಯರ ನೆಲೆಯಲ್ಲ. ಹೋಟೆಲಿನ ಹಿತ್ತಿಲಲ್ಲಿ ಎಂಜಲೆಲೆಗಾಗಿ ಕಾಯುವ ನಾಯಿ, ಮಾಡಿನಿಂದ ಮಾಡಿಗೆ ನೆಗೆಯುವ ಬೆಕ್ಕು, ಸಂತೆಬೀದಿಯಲ್ಲಿ ಅಲೆಯುವ ದನ ಇವೂ ಊರಿನ ನಿವಾಸಿಗಳೇ. ಇವುಗಳಲ್ಲಿ ಕೆಲವು ಒಂದು ಕಾಲದಲ್ಲಿ ಯಾರದೋ ಮನೆಯ ಮುದ್ದಿನ ಪ್ರಾಣಿಗಳಾಗಿದ್ದವು. ಮರಿಯಾಗಿದ್ದಾಗ ಮಕ್ಕಳ ಮಡಿಲಲ್ಲಿ ಆಡಿದ ನಾಯಿ, ಮುಪ್ಪಡರಿ ಮೈಗೆ ಕಜ್ಜಿ ಹತ್ತಿದೊಡನೆ ಬೀದಿಯ ಪಾಲಾಗುವುದುಂಟು. ತನ್ನ ನೋವನ್ನು ಅದು ಯಾರೊಡನೆ ಹೇಳಿಕೊಂಡೀತು? ಅಂಥ ಮೂಕಜೀವಿಗಳ ಸಂಕಟವನ್ನು ಅರಿತು ನೆರವಾಗುವವರೂ ಇದ್ದಾರೆಂಬುದು ಸಮಾಧಾನದ ಸಂಗತಿ.

ಕ್ರಿಸ್ಟಲ್ ರೋಜರ್ಸ್ ಅಂಥವರಲ್ಲಿ ಒಬ್ಬರು. ಇಂಗ್ಲೆಂಡಿನ ಈ ಮಹಿಳೆ 1959ರಲ್ಲಿ ನ್ಯೂಜಿಲೆಂಡಿಗೆ ಹೊರಟು, ದಾರಿಯಲ್ಲಿ ದೆಹಲಿಯಲ್ಲಿ ತಂಗಿದ್ದರು. ಅಲ್ಲಿ ಸಾಯುವ ಸ್ಥಿತಿಯಲ್ಲಿ ರಸ್ತೆಯಲ್ಲಿ ಬಿದ್ದಿದ್ದ ಕುದುರೆಯೊಂದು ಅವರ ಕಣ್ಣಿಗೆ ಬಿತ್ತು. ಆ ನೋಟ ಅವರ ಪಯಣವನ್ನೇ ತಡೆಯಿತು. ಅವರು ದೆಹಲಿಯಲ್ಲಿ ನಿಂತು ಪ್ರಾಣಿಗಳ ಸೇವೆಗೆ ತೊಡಗಿದರು; ಮುಂದೆ ಜೈಪುರದಲ್ಲಿಯೂ ಒಂದು ಸಂಸ್ಥೆಯನ್ನು ಕಟ್ಟಿದರು. ಎಂಬತ್ತು ವರ್ಷ ದಾಟಿದ ಮೇಲೆ, 1991ರಲ್ಲಿ, ಬೆಂಗಳೂರಿನಲ್ಲಿ ‘ಕ್ಯೂಪಾ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಪೂರ್ಣ ಹೆಸರಿನ ಅರ್ಥ ‘ಎಲ್ಲೆಯಿಲ್ಲದ ಕರುಣೆ, ಅದರೊಡನೆ ಕಾರ್ಯ’ ಎಂದು.

ಕರುಣೆಯೊಡನೆ ಕಾರ್ಯವೇಕೆ? ಹಸಿದ ನಾಯಿಗೆ ಒಂದು ತುತ್ತು ಹಾಕುವುದು ಸುಲಭ; ಪುಣ್ಯ ಬಂತೆಂದು ಮನಸ್ಸು ಹಗುರಾಗುತ್ತದೆ. ಆದರೆ ಆ ನಾಯಿ ಎರಡು ತಿಂಗಳು ಗರ್ಭ ಧರಿಸಿ ಹಲವು ಮರಿಗಳನ್ನು ಈಯುತ್ತದೆ. ಅವುಗಳಲ್ಲಿ ಎಷ್ಟೋ ಮರಿಗಳು ಹಸಿವಿಗೋ ರೋಗಕ್ಕೋ ವಾಹನದ ಚಕ್ರಕ್ಕೋ ಬಲಿಯಾಗುತ್ತವೆ. ಇತ್ತ, ಶಾಲೆಗೆ ಹೋಗುವ ಮಗುವನ್ನು ನಾಯಿ ಕಚ್ಚಿದರೆ ಆ ಮಗುವಿನ ನೋವೂ ನೋವೇ. ನಾಯಿಯ ಮೇಲೆ ಮರುಕವಿದ್ದು ಮಗುವಿನ ಮೇಲೆ ಇಲ್ಲದಿದ್ದರೆ ಅದು ಕರುಣೆಯಾಗಲಾರದು.

ಕೊಲ್ಲುವುದೂ ಪರಿಹಾರವಲ್ಲ. ಮದರಾಸಿನಲ್ಲಿ ಹತ್ತಾರು ವರ್ಷ ಬೀದಿನಾಯಿಗಳನ್ನು ಹಿಡಿದು ಕೊಲ್ಲಲಾಯಿತು. ಆದರೂ ಅವು ಇಲ್ಲವಾಗಲಿಲ್ಲ. ಅಲ್ಲಿಯ ‘ಬ್ಲೂ ಕ್ರಾಸ್’ ಸಂಸ್ಥೆ 1964ರಿಂದಲೂ ಬೇರೊಂದು ಮಾರ್ಗವನ್ನು ಸೂಚಿಸುತ್ತ ಬಂದಿತ್ತು. 1996ರಲ್ಲಿ ನಗರಾಡಳಿತ ಅದನ್ನು ಅಂಗೀಕರಿಸಿತು. ನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ರೋಗ ತಗಲದಂತೆ ಚುಚ್ಚುಮದ್ದು ನೀಡಿ, ಮರಳಿ ಅವುಗಳ ನೆಲೆಗೇ ಬಿಡುವುದು ಆ ಮಾರ್ಗ. ಚಿಕಿತ್ಸೆಯಾದುದರ ಗುರುತಾಗಿ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿರುತ್ತಾರೆ. 2001ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮಗಳನ್ನು ರೂಪಿಸಿತು. 2023ರಲ್ಲಿ ಹೊಸ ನಿಯಮಗಳು ಬಂದವು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಸ್ಥಳಗಳಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಗೇ ಬಿಡದೆ ಆಶ್ರಯಧಾಮಗಳಲ್ಲಿ ಇರಿಸಬೇಕೆಂದು 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಹೀಗೆ ಆಶ್ರಯಧಾಮಗಳ ಹೊಣೆ ಮತ್ತಷ್ಟು ಹೆಚ್ಚಿತು.

ಈ ಹೊಣೆಯಲ್ಲಿ ವಿದ್ಯಾರ್ಥಿಗಳಿಗೂ ಪಾಲುಂಟು. ಬೇಸಿಗೆಯಲ್ಲಿ ಮನೆಯ ಮುಂದೆ ಒಂದು ಮಣ್ಣಿನ ಬಟ್ಟಲಲ್ಲಿ ನೀರಿಡಬಹುದು. ಸಾಕಿದ ಪ್ರಾಣಿಯನ್ನು ಕೊನೆಯವರೆಗೂ ಕೈಬಿಡದಿರಬಹುದು. ಗಾಯಗೊಂಡ ಪ್ರಾಣಿಯನ್ನು ತಾವೇ ಮುಟ್ಟದೆ ಹಿರಿಯರಿಗೆ ತಿಳಿಸುವುದು ಜಾಣತನ. ನೋವಿನಲ್ಲಿರುವ ಜೀವಿ ಸಾಧುವಾದರೂ ಕಚ್ಚೀತು. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕ್ರಿಸ್ಟಲ್ ರೋಜರ್ಸ್ 1996ರಲ್ಲಿ ತೀರಿಕೊಂಡರು. ಅವರು ತೊಡಗಿದ ಕೆಲಸವನ್ನು ಹೆಸರಿನ ಹಂಬಲವಿಲ್ಲದ ಅನೇಕರು ಮುಂದುವರಿಸಿದ್ದಾರೆ. ಕಿವಿಯ ತುದಿ ಕತ್ತರಿಸಿದ ನಾಯಿಯೊಂದು ಬೀದಿಯ ಬದಿಯಲ್ಲಿ ನೆಮ್ಮದಿಯಿಂದ ಮಲಗಿದ್ದರೆ, ಅದರ ನಿದ್ದೆಯ ಹಿಂದೆ ಯಾರದೋ ದುಡಿಮೆಯಿದೆ.