ಮಂಗಳವಾರದ ಮನೆ

ನಮ್ಮ ತಂದೆಯವರು ಧಾರವಾಡದಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ವಾರಕ್ಕೆ ಏಳು ಮನೆಗಳು. ಅವರ ಉಪಕಾರವನ್ನು ತಂದೆಯವರು ಕೊನೆಯವರೆಗೂ ನೆನೆಯುತ್ತಿದ್ದರು. ಆದರೆ ಮಂಗಳವಾರದ ಮನೆಯ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದೆ. "ಊಟಕ್ಕೇನೂ ಕಡಿಮಿ ಇರಲಿಲ್ಲಪಾ. ಒಳಗ ಕರಿಯೋತನಕಾ ಬಾಗಿಲದಾಗ ನಿಂತಿರಬೇಕಿತ್ತು, ಅಷ್ಟ" ಎಂದು ಸುಮ್ಮನಾದರು.

ಆ 'ಅಷ್ಟ' ಎಂಬ ಮಾತಿನ ತೂಕ ನನಗೆ ತಿಳಿದದ್ದು ಈ ಮುಂಬಯಿಯಲ್ಲಿ, ಎಪ್ಪತ್ತು ದಾಟಿದ ಮೇಲೆ.

ನಮ್ಮಲ್ಲಿ ಬಹಳ ಕಾಲ ಪಾತ್ರೆ ತೊಳೆಯುತ್ತಿದ್ದ ಬಾಯಿ ಅಕ್ಕಲಕೋಟೆ ಕಡೆಯವಳು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. 2021ರಲ್ಲಿ ಗಂಡ ತೀರಿಕೊಂಡ. ಮುಂದೆ ಕೈಗೆ ಪೆಟ್ಟಾಗಿ ಕೆಲಸವೂ ತಪ್ಪಿತು. ಮಗಳೊಬ್ಬಳು ಶಾಲೆಗೆ ಹೋಗುತ್ತಾಳೆ. ನಾನು ತಿಂಗಳಿಗೆ ಒಂದು ಸಾವಿರ ಕೊಡತೊಡಗಿದೆ. ಒಂದನೆಯ ತಾರೀಖಿಗೆ ಆಕೆ ಬರುವಳು, ನನ್ನ ಪತ್ರಿಕೆ ಓದಿ ಮುಗಿಯುವವರೆಗೆ ಬಾಗಿಲಲ್ಲಿ ನಿಲ್ಲುವಳು, ಹಣ ಪಡೆದು ಕೈಮುಗಿದು ಹೋಗುವಳು. ನನಗೂ ಆ ದಿನ ಮನಸ್ಸು ಹಗುರ.

ಒಮ್ಮೆ ಮಗಳ ಮನೆಗೆಂದು ಬೆಂಗಳೂರಿಗೆ ಹೋದವನು ಎರಡು ತಿಂಗಳು ಉಳಿದುಬಿಟ್ಟೆ. ಈ ಹಣದ ನೆನಪೇ ಆಗಲಿಲ್ಲ. ಮರಳಿದಾಗ ಆಕೆಯ ಕಿವಿಯಲ್ಲಿ ಓಲೆ ಇರಲಿಲ್ಲ. ಬಾಡಿಗೆಗಾಗಿ ಅಡವಿಟ್ಟಿದ್ದಳು. "ಒಂದು ಫೋನ್ ಮಾಡಬಾರದಿತ್ತೇ?" ಎಂದೆ.

"ಕೊಡೋರಿಗೆ ನೆನಪು ಮಾಡೋದು ಹ್ಯಾಂಗ್ರೀ, ಕಾಕಾ?" ಎಂದಳು.

ನೆರೆಯ ನಿವೃತ್ತ ಗುಮಾಸ್ತರೊಬ್ಬರು ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯ ಸುದ್ದಿ ಹೇಳಿದರು. ನಿರ್ಗತಿಕ ವಿಧವೆಯರಿಗೂ ಮಾಸಾಶನ ಕೊಡುವ ಈ ಯೋಜನೆ ಮಹಾರಾಷ್ಟ್ರದಲ್ಲಿ 1980ರಿಂದ ಇದೆ. ಮೊತ್ತ 2023ರಲ್ಲಿ ಸಾವಿರದಿಂದ 1,500 ರೂಪಾಯಿಗೆ ಏರಿತು. ಇಷ್ಟು ವರ್ಷ ಈ ಊರಿನಲ್ಲಿದ್ದೂ ನನಗೆ ಅದರ ಗಂಧವಿರಲಿಲ್ಲ. ಗಂಡನ ಮರಣದ ದಾಖಲೆ, ಆದಾಯದ ದಾಖಲೆ, ವಾಸದ ದಾಖಲೆ ಎಂದು ಆಕೆಯೊಡನೆ ನಾಲ್ಕು ಸಲ ಕಚೇರಿಗೆ ಅಲೆದೆ. ಕೊನೆಗೆ ಮಂಜೂರಾಯಿತು.

ಮುಂದಿನ ಒಂದನೆಯ ತಾರೀಖಿಗೆ ಆಕೆ ಬಂದು, "ಕಾಕಾ, ಬ್ಯಾಂಕಿಗೆ ರೊಕ್ಕ ಬಂತ್ರೀ. ಇನ್ನ ನಿಮ್ಮದು ಬ್ಯಾಡ" ಎಂದು ನಗುತ್ತ ಹೊರಟುಹೋದಳು. ಅದರ ಮುಂದಿನ ತಿಂಗಳು ಬರಲಿಲ್ಲ. ಸಂತೋಷಪಡಬೇಕಾದವನಿಗೆ ಒಳಗೆಲ್ಲೋ ಚುರುಕ್ ಎಂದಿತು. ನನಗೆ ಬೇಕಾಗಿದ್ದುದು ಆಕೆಯ ಕ್ಷೇಮವೋ, ಆ ಮುಗಿದ ಕೈಗಳೋ? ತಂದೆಯವರ ಮಂಗಳವಾರದ ಮನೆ ನನ್ನದೇ ಆಗಿತ್ತು.

ದಾನ ಕೀಳೆಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ತಂದೆಯವರು ಓದುತ್ತಿರಲಿಲ್ಲ, ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆದರೆ ಆ ಏಳು ಬಾಗಿಲುಗಳು ಅವರಿಗೆ ತೆರೆದದ್ದು ಅವರ ಜಾತಿಯಿಂದ ಎಂಬುದೂ ನಿಜ. ಅದೇ ತರಗತಿಯಲ್ಲಿದ್ದ ಬೇರೆ ಜಾತಿಯ ಹಸಿದ ಹುಡುಗನಿಗೆ ಅವು ಮುಚ್ಚಿದ್ದವು. ಶಾಲೆಯಲ್ಲೇ ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಆದೇಶಿಸಿತು. 2002ರಲ್ಲಿ ಕರ್ನಾಟಕದಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಅಲ್ಲಿ ಉಣ್ಣುವ ಮಗು ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ, ಯಾರ ಉಪಕಾರವನ್ನೂ ಹೊರಬೇಕಾಗಿಲ್ಲ.

ಹಾಗೆಂದು ಸರಕಾರದ ಹಣಕ್ಕೆ ಕಣ್ಣಿಲ್ಲ. ಮಾಸಾಶನ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿರುವ ದಾಖಲೆ ಕೊಡಬೇಕು. ಈಚೆಗೆ ಆಕೆ ಜ್ವರದಿಂದ ಮಲಗಿ ಅವಧಿ ತಪ್ಪಿಸಿಕೊಂಡಳು. ಹಣ ನಿಂತಿತು. ಏಕೆ ಬರಲಿಲ್ಲವೆಂದು ವಿಚಾರಿಸಲು ಕಾಗದಕ್ಕೆ ಬಾಯಿಲ್ಲ. ಮನುಷ್ಯರು ಬೇಕಾಗುವುದು ಅಲ್ಲಿಯೇ. ನಮ್ಮ ಸಂಘಗಳು ವಾರ್ಷಿಕೋತ್ಸವದ ವೇದಿಕೆಯಲ್ಲಿ ನೆರವು ನೀಡುತ್ತವೆ, ನೀಡಲಿ. ಜೊತೆಗೆ ರವಿವಾರ ಒಂದು ಮೇಜು ಹಾಕಿ ಇಂಥವರ ಅರ್ಜಿ ತುಂಬಿಕೊಡಬಾರದೇಕೆ?

ಕಳೆದ ವಾರ ಬಾಗಿಲ ಗಂಟೆ ಬಾರಿಸಿತು. ಆಕೆಯೇ. ಈ ಸಲ ನಿಲ್ಲದೆ ಒಳಗೆ ಬಂದಳು.

"ಕಾಕಾ, ನನ್ನ ರೊಕ್ಕ ಬಂದಿಲ್ರೀ. ಕಚೇರಿಗೆ ಬರ್ತೀರೇನು?"

ನನ್ನ ಸಾವಿರವನ್ನು ಎಂದೂ ಕೇಳದವಳು 'ನನ್ನ ರೊಕ್ಕ' ಎಂದಳು. ಪತ್ರಿಕೆಯನ್ನು ಮಡಿಸಿಟ್ಟು ಚಪ್ಪಲಿ ಮೆಟ್ಟಿದೆ.