ಜಾಂಗರ್‌ಹೌಸನ್ನಿನ ಬಳ್ಳಿಗುಲಾಬಿ

ಹಾಲೆಯಲ್ಲಿ ರೈಲು ಬದಲಿಸಿದೆವು. ಮಾರ್ಟಿನ್ ಲೂಥರ್ ಹುಟ್ಟಿದ ಐಸ್ಲೇಬನ್ ಹಿಂದೆ ಸರಿಯಿತು. ಎರಡೂ ಕಡೆ ಹಳದಿಗೆ ತಿರುಗುತ್ತಿದ್ದ ಗೋಧಿ ಹೊಲ. ಅದರಾಚೆ ಇದ್ದಕ್ಕಿದ್ದಂತೆ ಒಂದು ಬೂದುಬಣ್ಣದ ಗುಡ್ಡ ಎದ್ದಿತು. ತುದಿ ಚೂಪು, ಮೈಮೇಲೆ ಮರವೆಂಬುದಿಲ್ಲ. "ಅದು ಗುಡ್ಡ ಅಲ್ಲ ದೊಡ್ಡಪ್ಪ, ತಾಮ್ರದ ಗಣಿಯಿಂದ ತೆಗೆದು ಸುರಿದ ಕಲ್ಲು" ಎಂದ ಲೈಪ್‌ಜಿಗ್‌ನಲ್ಲಿ ಕೆಲಸ ಮಾಡುವ ತಮ್ಮನ ಮಗ. ಗಣಿ 1990ರಲ್ಲಿ ಮುಚ್ಚಿತಂತೆ. ಕಳಸದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರ ಕೊನೆಗೆ ಕುದುರೆಮುಖದ ಗಣಿ ನಿಂತಾಗ ಆ ಊರಿನ ಮುಖ ಹೇಗಾಯಿತೆಂದು ನಾವು ನೋಡಿದವರು. ನಾವು ಹೊರಟಿದ್ದ ಜಾಂಗರ್‌ಹೌಸನ್ನಿಗೆ ಮಾತ್ರ ಗುಲಾಬಿ ಉಳಿದುಕೊಂಡಿತ್ತು.

1903ರಲ್ಲಿ ಜರ್ಮನಿಯ ಗುಲಾಬಿ ಪ್ರಿಯರ ಸಂಘ ಇಲ್ಲಿ ಕಟ್ಟಿದ ತೋಟ ಇಂದು ಜಗತ್ತಿನಲ್ಲೇ ದೊಡ್ಡ ಗುಲಾಬಿ ಸಂಗ್ರಹ. ವಿಸ್ತೀರ್ಣ ಸುಮಾರು 30 ಎಕರೆ. ನಮ್ಮ ಮೂಡಿಗೆರೆ ಲೆಕ್ಕದಲ್ಲಿ ಅದೊಂದು ಮಧ್ಯಮ ತೋಟ, ಮೇಲ್ವಿಚಾರಣೆಗೆ ರೈಟರ್ ಒಬ್ಬ ಸಾಕು. ಆದರೆ ನಮ್ಮ 30 ಎಕರೆಯಲ್ಲಿ ಕಾಫಿ ಎರಡು ಜಾತಿ, ಜೊತೆಗೆ ಮೆಣಸು, ಒಂದಿಷ್ಟು ಕಿತ್ತಳೆ. ಇಲ್ಲಿ 8,000ಕ್ಕೂ ಹೆಚ್ಚು ಬಗೆಯ ಗುಲಾಬಿ! ಬಾಗಿಲು ದಾಟುವ ಮೊದಲೇ ಗಾಳಿಗೆ ವಾಸನೆ ಬಂತು. ಸಿಹಿಯ ಒಳಗೆ ಸೇಬಿನ ಹುಳಿ, ಲವಂಗದ ಖಾರ.

ಹಾಸುಮಡಿಗಳ ಗುಲಾಬಿಯನ್ನು ನಾನು ಬೇಗ ದಾಟಿದೆ. ಅಂಥವು ಲಾಲ್‌ಬಾಗ್‌ನಲ್ಲೂ ಇವೆ, ಕೆಮ್ಮಣ್ಣುಗುಂಡಿಯಲ್ಲೂ ಇವೆ. ಕಾಲು ನಿಂತದ್ದು ಬಳ್ಳಿಗುಲಾಬಿಗಳ ಎದುರು. ಕಂಬ, ಕಮಾನು, ಸರಪಳಿ, ಹಳೆಯ ಮರ ಏನು ಸಿಕ್ಕರೆ ಅದನ್ನೇರಿ, ಮೇಲಿಂದ ಮತ್ತೆ ನೆಲದವರೆಗೆ ಇಳಿಬಿದ್ದಿದ್ದವು. 'ಡೊರೊತಿ ಪರ್ಕಿನ್ಸ್' ಎಂಬ 1901ರ ತಳಿಯಲ್ಲಿ ಎಲೆಯೇ ಕಾಣಲಿಲ್ಲ. ಬೆರಳ ತುದಿಯಷ್ಟು ಗುಲಾಬಿ ಹೂಗಳು ಗೊಂಚಲು ಗೊಂಚಲಾಗಿ ಬಳ್ಳಿಯನ್ನು ನುಂಗಿಬಿಟ್ಟಿದ್ದವು. ಜೇನುನೊಣಗಳ ಗುಂಯ್‌ಗುಟ್ಟುವಿಕೆ ತಲೆಯ ಮೇಲೆ ಒಂದೇ ಸಮ ನಡೆದಿತ್ತು.

ಒಣಗಿದ ಹೂ ಕತ್ತರಿಸುತ್ತಿದ್ದ ತೋಟಗಾರ್ತಿಯೊಬ್ಬರನ್ನು, ಇದು ಎಷ್ಟು ದಿನ ಹೀಗಿರುತ್ತದೆಂದು ಹುಡುಗನ ಮೂಲಕ ಕೇಳಿಸಿದೆ. "ಮೂರು ವಾರ. ಆಮೇಲೆ ಮುಂದಿನ ಜೂನ್" ಎಂದರು. ಅಷ್ಟಕ್ಕಾಗಿ ವರ್ಷವಿಡೀ ಚಾಕರಿಯೇ ಎಂದು ನಾನು ಅಚ್ಚರಿಪಟ್ಟಾಗ, ನನ್ನ ಬೆಳೆ ಏನೆಂದು ಕೇಳಿದರು. ಕಾಫಿ ಎಂದೆ. ಅದು ವರ್ಷಕ್ಕೆ ಎಷ್ಟು ಸಲ ಹೂ ಬಿಡುತ್ತದೆ ಎಂದರು! ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಬೆಳ್ಳಗಾಗಿ, ಮೂರು ದಿನದಲ್ಲಿ ಕಂದಿಹೋಗುವ ತೋಟದ ಯಜಮಾನ ಮೂರು ವಾರವನ್ನು ಕಡಿಮೆ ಎನ್ನುವುದು ಹೇಗೆ?

ಆದರೂ ಮತ್ತೆ ಮತ್ತೆ ಹೂ ಬಿಡುವ ಬಳ್ಳಿಗುಲಾಬಿಗಾಗಿ ಇಲ್ಲಿನ ತಳಿಗಾರರು ಬಹುಕಾಲ ಹಂಬಲಿಸಿದ್ದಾರೆ. ಅದು ಸುಲಭಕ್ಕೆ ಸಿಗದ ಕಾರಣ ಗಿಡದ ಒಳಗೇ ಇದೆ. ಕಾಡುಗುಲಾಬಿಯಲ್ಲಿ ಹೂಬಿಡುವುದನ್ನು ತಡೆಯುವ ಒಂದು ಜೀನ್ ಇದೆ. ಚಳಿ ಕಳೆದು ವಸಂತ ಬಂದಾಗ ಅದು ಸ್ವಲ್ಪ ಕಾಲ ಸುಮ್ಮನಾಗುತ್ತದೆ, ಹೂ ಬರುತ್ತದೆ. ಮತ್ತೆ ತಡೆ ಬಿದ್ದೊಡನೆ ಗಿಡ ತನ್ನ ಶಕ್ತಿಯನ್ನೆಲ್ಲ ಉದ್ದುದ್ದ ಬಳ್ಳಿ ಚಾಚುವುದಕ್ಕೆ ಹಾಕುತ್ತದೆ. ಚೀನಾದ ತೋಟಗಳ ಗುಲಾಬಿಯಲ್ಲಿ, ಜಾಗ ಬದಲಿಸುವ ಡಿಎನ್‌ಎ ತುಣುಕೊಂದು ಈ ಜೀನಿನೊಳಗೆ ಹೊಕ್ಕು ಅದನ್ನು ಕೆಡಿಸಿದೆ ಎಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ತಡೆಯಿಲ್ಲದ ಗಿಡದಲ್ಲಿ ಪ್ರತಿ ಚಿಗುರಿನ ತುದಿಗೂ ಮೊಗ್ಗು. ಮೊಗ್ಗಾದ ತುದಿ ಮುಂದೆ ಬೆಳೆಯುವುದಿಲ್ಲ. ಹಾಗಾಗಿ ಹಬ್ಬುವ ಬಳ್ಳಿ, ಸುತ್ತು ಸುತ್ತಿಗೂ ಹೂ, ಇವೆರಡನ್ನೂ ಒಂದೇ ಗಿಡದಲ್ಲಿ ತರುವುದೆಂದರೆ ಎತ್ತು ಏರಿಗೆ, ಕೋಣ ನೀರಿಗೆ.

ಅಂಥ ಅಪರೂಪದ ಕೆಲವನ್ನೂ ಇಲ್ಲಿ ಕಂಡೆ. ಪೀಟರ್ ಲ್ಯಾಂಬರ್ಟ್ ಎಂಬ ತಳಿಗಾರ 1904ರಲ್ಲಿ ಹೊರತಂದು ತನ್ನ ಊರಿನ ಹೆಸರಿಟ್ಟ 'ಟ್ರಿಯರ್'; ಕೆನೆಬಿಳಿಯ ಸಣ್ಣ ಹೂ, ಬಳ್ಳಿ ಸಾಧಾರಣ. ಫ್ರಾನ್ಸಿನ 1916ರ 'ಗಿಸ್ಲೆನ್ ದ ಫೆಲಿಗೊಂದ್', ಏಪ್ರಿಕಾಟ್ ಬಣ್ಣದಿಂದ ಬಿಳಿಗೆ ತಿರುಗುವಂಥದು. ನಸುಗುಲಾಬಿಯ 'ನ್ಯೂ ಡಾನ್' ಮಾತ್ರ ಯಾರೂ ಬೆರಕೆ ಮಾಡಿದ್ದಲ್ಲ. 1910ರ 'ಡಾಕ್ಟರ್ ವಾನ್ ಫ್ಲೀಟ್' ಎಂಬ ಒಂದೇ ಸುತ್ತಿನ ಬಳ್ಳಿ ಅಮೆರಿಕದ ನರ್ಸರಿಯೊಂದರಲ್ಲಿ ತಾನಾಗಿ ಬದಲಾಗಿ ಮರುಹೂ ಬಿಡತೊಡಗಿತು. 1931ರಲ್ಲಿ ಆ ದೇಶ ಸಸ್ಯಕ್ಕೆ ಕೊಟ್ಟ ಮೊಟ್ಟಮೊದಲ ಪೇಟೆಂಟ್ ಇದರದ್ದು. ಇನ್ನು ಚೀನಾದ ಗುಲಾಬಿಗಳು ಯುರೋಪಿಗೆ ಬಂದದ್ದು 1790ರ ದಶಕದಿಂದೀಚೆಗೆ, ಅವುಗಳಲ್ಲಿ ಕೆಲವು ನಮ್ಮ ಕಲ್ಕತ್ತದ ಹಾದಿಯಲ್ಲಿ. ನಮ್ಮ ಅಂಗಳ ಹಾದುಹೋದದ್ದನ್ನು ನೋಡಲು ಇಷ್ಟು ದೂರ ಟಿಕೆಟ್ ಕೊಟ್ಟು ಬಂದೆನೆಂದು ನಗು ಬಂತು.

ಸಂಜೆ ಒಂಬತ್ತಕ್ಕೂ ಬಿಸಿಲಿತ್ತು. ಬೆಂಚಿನ ಮೇಲೆ ಕೂತು ತೋಟಗಾರ್ತಿಯಿಂದ ಹವೆಯ ಲೆಕ್ಕ ಕೇಳಿದೆ. ಹಾರ್ಟ್ಸ್ ಬೆಟ್ಟದ ಮಳೆನೆರಳಿನ ಊರು. ವರ್ಷಕ್ಕೆ 20 ಇಂಚಿನ ಆಸುಪಾಸು. ಮೂಡಿಗೆರೆಯಲ್ಲಿ ಅಷ್ಟು ಜುಲೈ ಒಂದೇ ತಿಂಗಳಿಗೆ ಸುರಿಯುತ್ತದೆ ಎಂದೆ. ಅವರು ಹುಡುಗನತ್ತ ತಿರುಗಿ, ಸರಿಯಾಗಿ ಅನುವಾದಿಸಿದೆಯಾ ಎಂದು ಕೇಳಿದರು. ಇವರ ಶತ್ರು ಚಳಿ. ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿಯುವ ರಾತ್ರಿಗಳಿಗೆ ಬುಡಕ್ಕೆ ಮಣ್ಣೇರಿಸಿ, ಸ್ಪ್ರೂಸ್ ಕೊಂಬೆ ಮುಚ್ಚುತ್ತಾರೆ. ನಮ್ಮ ಶತ್ರು ನೀರು. ಕಾಫಿ ಕಣದ ಬೇಲಿಯ ಗುಲಾಬಿಗೆ ಜೂನ್ ಹಿಡಿದೊಡನೆ ಕಪ್ಪುಚುಕ್ಕೆ ರೋಗ. ಶ್ರಾವಣದ ಹೊತ್ತಿಗೆ ಬರೀ ಮುಳ್ಳಿನ ಕಡ್ಡಿ. ಅಡಿಕೆಗೆ ಕಲಸಿದ ಬೋರ್ಡೋ ದ್ರಾವಣ ಉಳಿದರೆ ಅದಕ್ಕೊಂದಿಷ್ಟು ಹೊಡೆಯುತ್ತೇವೆ, ಅಷ್ಟೇ ಉಪಚಾರ.

ಕತ್ತರಿಯ ಕಾಲವೂ ಬೇರೆ. ಒಂದೇ ಸುತ್ತಿನ ಬಳ್ಳಿ ಹೂ ಬಿಡುವುದು ಹಿಂದಿನ ವರ್ಷದ ಕಡ್ಡಿಯಲ್ಲಿ, ಆದ್ದರಿಂದ ಹೂ ಮುಗಿದೊಡನೆ ಸವರಬೇಕು. ಕಾಫಿ ಗಿಡ ಸವರುವ ಗಿಡಗಸಿ ಮಾಡಿದವನಿಗೆ ಇದು ಹೊಸತಲ್ಲ. ಮರುಹೂವಿನದು ಹೊಸ ಚಿಗುರಿನಲ್ಲೇ ಹೂ ತರುವುದರಿಂದ, ನಮ್ಮಲ್ಲಿ ಮಳೆ ಹಿಂದೆಗೆದ ಅಕ್ಟೋಬರಿನಲ್ಲಿ ಸವರಿದರೆ ಕಾಫಿ ಕುಯ್ಲಿನ ಕಾಲಕ್ಕೆ ಬಿಸಿಲು ಹೂ ಎರಡೂ ಸಿಗುತ್ತವೆ. 'ಡೊರೊತಿ'ಯಂಥದಕ್ಕೆ ಬೇಕಾದ ದೀರ್ಘ ಚಳಿನಿದ್ರೆಯನ್ನು ಮಾತ್ರ ಮೂಡಿಗೆರೆ ಕೊಡಲಾರದು.

ಬಾಗಿಲ ಅಂಗಡಿಯಲ್ಲಿ ಕುಂಡದ ಗಿಡಗಳಿದ್ದವು. ಹುಡುಗ ಒಂದನ್ನು ಎತ್ತಿಯೇಬಿಟ್ಟ. ಪರವಾನಗಿ, ಕ್ವಾರಂಟೈನ್ ಇಲ್ಲದೆ ಗಿಡ ದೇಶದೊಳಗೆ ಬರುವಂತಿಲ್ಲ, ಬರಲೂಬಾರದು. ಹೂವಿನ ಚಂದಕ್ಕೆಂದು ಬಂದ ಲಂಟಾನ ನಮ್ಮ ಕಾಡಿಗೆ ಏನು ಮಾಡಿದೆಯೆಂದು ಅವನಿಗೆ ನೆನಪಿಸಿದೆ. ನನ್ನ ಮನಸ್ಸು ಆಗಲೇ ಕೊಡೈಕೆನಾಲಿನಲ್ಲಿತ್ತು. ಅಲ್ಲಿ ಗುಲಾಬಿ ತಳಿಗಾರರಾದ ವೀರರಾಘವನ್ ದಂಪತಿ, 1882ರಲ್ಲಿ ಸಸ್ಯವಿಜ್ಞಾನಿ ಜಾರ್ಜ್ ವ್ಯಾಟ್ ಮಣಿಪುರದಲ್ಲಿ ಕಂಡ ದೈತ್ಯ ಬಳ್ಳಿಗುಲಾಬಿಯನ್ನೂ, ನೀರು ನಿಂತ ನೆಲದಲ್ಲೂ ಬದುಕುವ ಕ್ಲೈನೋಫಿಲ್ಲ ಎಂಬ ನಮ್ಮದೇ ಕಾಡುಗುಲಾಬಿಯನ್ನೂ ಬೆರಸಿ ಬಿಸಿನಾಡಿಗೆ ಒಗ್ಗುವ ತಳಿಗಳನ್ನು ದಶಕಗಳಿಂದ ಕಟ್ಟಿದ್ದಾರೆ. ಕಣದ ಬೇಲಿಗೆ ಬೇಕಾದ್ದು ಅಂಥದು. ಹುಡುಗ ಕುಂಡವನ್ನು ಕೆಳಗಿಟ್ಟು, ಕಾಡುಗುಲಾಬಿ ಹಣ್ಣಿನ ಜಾಮ್ ಎರಡು ಬಾಟಲಿ ತೆಗೆದುಕೊಂಡ.